ರೇಷ್ಮೆಹುಳುವಿನ ಮೈಮೇಲೆ ಕಪ್ಪು ಚುಕ್ಕೆ

ನೂಲು ತೆಗೆಯುವವನು ಬುಟ್ಟಿಯನ್ನು ಹೊಸ್ತಿಲ ಹತ್ತಿರ ಇಳಿಸಿ, ಅದರಿಂದ ಒಂದು ರೇಷ್ಮೆಗೂಡನ್ನು ತೆಗೆದು ಬೆಳಕಿಗೆ ಹಿಡಿದ. ಗೂಡಿನ ತುದಿಯಲ್ಲಿ ಗುಂಡಗೆ ಒಂದು ತೂತು.

“ಬೇಜಾರು ಮಾಡ್ಕೋಬೇಡಿ ಹುಳದಕ್ಕ. ಇವನ್ನ ವಾಪಸ್ ತಂದಿದೀನಿ. ಬಿಸಿನೀರಿಗೆ ಹಾಕಿದ್ರೆ ತೂತಿನಲ್ಲಿ ನೀರು ನುಗ್ಗಿ ಮುಳುಗಿಬಿಡ್ತವೆ. ಎಳೆ ತುಂಡು ತುಂಡಾಗಿ ಬರುತ್ತೆ. ನಾನು ಏನು ಸುತ್ತಲಿ ಹೇಳಿ?”

“ಇಲಿ ಕಡಿದಿರಬೇಕು” ಎಂದಳು ಹುಳದಕ್ಕ.

“ಇಲಿ ಕಡಿದ್ರೆ ಹರಿದು ಚಿಂದಿ ಮಾಡುತ್ತೆ. ಇದು ಮೊಳೆ ಹೊಡೆದ ಹಾಗಿದೆ” ಎಂದು ಅವನು ಬುಟ್ಟಿ ಬಿಟ್ಟು ಹೋದ.

ಹುಳದಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಹಿತ್ತಲ ಕಡೆಯ ದೊಡ್ಡ ಕೋಣೆಯಲ್ಲಿ ಆಕೆ ರೇಷ್ಮೆಹುಳು ಸಾಕುತ್ತಿದ್ದಳು. ಗೋಡೆಯುದ್ದಕ್ಕೂ ಅಟ್ಟಣಿಗೆ, ಅದರ ಮೇಲೆ ತಟ್ಟೆಗಳು, ತಟ್ಟೆಗಳ ತುಂಬ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುಗಳು. ಹುಳುಗಳು ಪೊರೆ ಬಿಡುವ ಸಮಯಕ್ಕೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಮಲಗುತ್ತವೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಆಗ ಯಾರಾದರೂ ಆ ಕೋಣೆಯಲ್ಲಿ ಜೋರಾಗಿ ಮಾತಾಡಿದರೆ ಹುಳದಕ್ಕ ತೊಟ್ಟಿಲ ಪಕ್ಕದ ತಾಯಿಯ ಹಾಗೆ ಬೆರಳನ್ನು ತುಟಿಗೆ ಇಟ್ಟುಕೊಳ್ಳುತ್ತಿದ್ದಳು.

ಗಂಡನದು ನಾಲ್ಕು ರಸ್ತೆ ಕೂಡುವಲ್ಲಿ ಪಂಕ್ಚರ್ ಅಂಗಡಿ. ತೋಟದಿಂದ ಸೊಪ್ಪು ಕೊಯ್ದು ಹೊತ್ತು ತರುವವನು ಮೈದುನ. ಅವನಿಗೆ ಬೀದಿಯಲ್ಲಿ ರೈಲು ಎಂದು ಹೆಸರು. ಸಿಗರೇಟು ಹಚ್ಚಿದನೆಂದರೆ ಹೊಗೆ ಬಿಡುತ್ತಲೇ ನಡೆಯುತ್ತಿದ್ದ. ತೋಟದ ದಾರಿಯಲ್ಲಿ ಹೊಗೆ ಕಂಡರೆ ಸಾಕು, “ರೈಲು ಇವತ್ತು ಸರಿಯಾದ ಟೈಮಿಗೆ ಬಂತು” ಎಂದು ಜನ ನಗುತ್ತಿದ್ದರು. ಅವನೂ ಕೂ ಎಂದು ಶಿಳ್ಳೆ ಹಾಕಿ ಮುಂದೆ ಹೋಗುತ್ತಿದ್ದ.

ಗೂಡು ವಾಪಸ್ ಬಂದಾಗ ಕೋಣೆಯಲ್ಲಿ ಹೊಸ ಬೆಳೆ ಇತ್ತು. ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಕೊನೆಯ ಹಂತಕ್ಕೆ ಬಂದಿದ್ದವು. ಈ ಹಂತದಲ್ಲಿ ಅವುಗಳ ಹಸಿವು ಕೇಳಬೇಡಿ. ಸೊಪ್ಪು ಹಾಕಿ ಬಾಗಿಲು ಮುಚ್ಚಿದರೆ, ಹೊರಗೆ ನಿಂತವರಿಗೂ ಮೇಯುವ ಸರಸರ ಸದ್ದು ಕೇಳುತ್ತದೆ.

ಒಂದು ಬೆಳಿಗ್ಗೆ ಕಸ ತೆಗೆಯುವಾಗ ಹುಳದಕ್ಕನ ಕೈ ನಿಂತಿತು. ಒಂದು ಹುಳುವಿನ ಮೈಮೇಲೆ ಕಪ್ಪು ಚುಕ್ಕೆ. ಪಕ್ಕದ ಹುಳುವಿನ ಮೇಲೂ ಒಂದು. ಮುಂದಿನ ತಟ್ಟೆಯಲ್ಲಿ ಇನ್ನಷ್ಟು. ಬೆಳ್ಳಗಿನ ಮೈಮೇಲೆ ಯಾರೋ ಕೆಂಡ ತಾಗಿಸಿದ ಹಾಗೆ, ಸುತ್ತ ಕಂದು, ನಡುವೆ ಕಪ್ಪು. ಆಕೆ ತಲೆಯೆತ್ತಿದಳು. ಕಿಟಕಿಯ ಕಟ್ಟೆಯ ಮೇಲೆ ಸೇದಿ ಬಿಟ್ಟ ಸಿಗರೇಟಿನ ತುಂಡು ಬಿದ್ದಿತ್ತು.

ಮೈದುನ ಸೊಪ್ಪಿನ ಹೊರೆ ಇಳಿಸುವ ತನಕ ಆಕೆ ಕಾದಳು. ಆಮೇಲೆ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಳು.

“ಇದೇನು ನೋಡು.”

ಅವನು ಬಗ್ಗಿ ನೋಡಿದ. “ಏನೋ ಸುಟ್ಟ ಹಾಗಿದೆ ಅತ್ತಿಗೆ.”

“ನೀನೇ ಹೇಳಿದೆ ನೋಡು, ಸುಟ್ಟ ಹಾಗಿದೆ ಅಂತ. ಕಿಟಕಿ ಹತ್ತಿರ ನಿಂತು ಸೇದಿದೀಯ. ಕಿಡಿ ಹಾರಿದೆ.”

“ಒಂದು ಕಿಡಿ ಹಾರಬಹುದು. ಇಷ್ಟು ಹುಳುಗೆ ಲೆಕ್ಕ ಹಾಕಿ ಒಂದೊಂದೇ ಕಿಡಿ ಹಾರುತ್ತಾ?”

ಮಾತು ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ವಾಪಸ್ ಬಂದ ಬುಟ್ಟಿ ಇನ್ನೂ ಹೊಸ್ತಿಲ ಹತ್ತಿರವೇ ಇತ್ತು. ಅದನ್ನು ನೋಡುತ್ತಲೇ ಹುಳದಕ್ಕ ಅಂದಳು: “ಹುಳುಗಳ ಸಹವಾಸ ಸಾಕು, ತೋಟಕ್ಕೆ ಎಲೆಕೋಸು ಹಾಕೋಣ ಅಂತ ಹೇಳ್ತಾ ಇದ್ದೋನು ನೀನೇ ಅಲ್ವಾ? ಬೇಕು ಅಂತಲೇ ಮಾಡಿದೀಯೋ ಏನೋ, ಯಾರಿಗೆ ಗೊತ್ತು.”

ಮೈದುನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಒಳಗೆ ಹೋಗಿ ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಬಂದ. “ಅಂಗಡೀಲಿ ಮಲಗ್ತೀನಿ ಅತ್ತಿಗೆ. ಅಲ್ಲಿ ಟೈರ್ ಬಿಟ್ರೆ ಸುಡೋಕೆ ಏನೂ ಇಲ್ಲ” ಎಂದು ಹೊರಟ. ಅವತ್ತು ಅವನು ಶಿಳ್ಳೆ ಹಾಕಲಿಲ್ಲ.

ಅಲ್ಲಿಂದ ಸೊಪ್ಪಿಗೆ ಕಷ್ಟ ಬಂತು. ಹುಳದಕ್ಕ ತಾನೇ ಕೊಯ್ಯಲು ಹೋದರೆ ಕೋಣೆ ನೋಡುವವರಿಲ್ಲ. ಗಂಡ ಹೋದರೆ ಅಂಗಡಿ ಮುಚ್ಚಬೇಕು. ಆತ ತಂದ ಸೊಪ್ಪಿನಲ್ಲಿ ಅರ್ಧ ಬಲಿತ ಎಲೆ.

“ಅವನು ಮಾಡಿರಲ್ಲ ಕಣೇ” ಎಂದ ಗಂಡ. “ಸೇದ್ತಾನೆ ನಿಜ. ಆದ್ರೆ ಹೊರೆ ಇಳಿಸುವಾಗ ಇರುವೆ ಕಂಡ್ರೂ ಪಕ್ಕಕ್ಕೆ ಸರಿದು ಇಳಿಸೋ ಮನುಷ್ಯ.”

“ಹಾಗಾದ್ರೆ ಹುಳುಗಳು ತಾವೇ ಸುಟ್ಟುಕೊಂಡವಾ?”

ಆತ ಅಂಗಡಿಗೆ ಹೊರಟ. ಆಕೆಗೂ ನೆಮ್ಮದಿ ಇರಲಿಲ್ಲ. ಚುಕ್ಕೆ ಬಿದ್ದ ಹುಳುಗಳು ದಿನದಿನಕ್ಕೆ ಹೆಚ್ಚಾಗುತ್ತಿದ್ದವು. ಸಿಗರೇಟು ಸೇದುವವನು ಮನೆ ಬಿಟ್ಟು ಹೋದ ಮೇಲೂ ಹೊಸ ಚುಕ್ಕೆಗಳು ಬರುತ್ತಿದ್ದವು. ಇದು ಆಕೆಗೆ ಕಾಣದೆ ಇರಲಿಲ್ಲ. ಆದರೆ ಕಂಡದ್ದನ್ನು ಬಾಯಿಬಿಟ್ಟು ಹೇಳಲು ಮನಸ್ಸು ಬರಲಿಲ್ಲ.

ರೇಷ್ಮೆ ಕೇಂದ್ರದಿಂದ ಮನೆಮನೆ ಸುತ್ತಿ ನೋಡಲು ಬರುವ ಮೇಡಂ ಆ ವಾರ ಬಂದರು. ಅವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಯಾವಾಗಲೂ ನೇತಾಡುತ್ತಿತ್ತು. ಸಣ್ಣದನ್ನು ದೊಡ್ಡದಾಗಿ ತೋರಿಸುವ ಕನ್ನಡಿ ಅದು. ಹಾಗಾಗಿ ಹುಳು ಸಾಕುವ ಮನೆಗಳಲ್ಲೆಲ್ಲ ಅವರಿಗೆ ಭೂತಗನ್ನಡಿ ಮೇಡಂ ಎಂದೇ ಹೆಸರು.

ಮೇಡಂ ಕೈ ತೊಳೆದು ಒಳಗೆ ಬಂದು ಒಂದು ಹುಳುವನ್ನು ಎತ್ತಿ ನೋಡಿದರು. “ಅಕ್ಕ, ಇದು ಊಜಿ. ಊಜಿ ನೊಣದ ಕೆಲಸ.”

“ನೊಣ ಕೂತ್ರೆ ಸುಟ್ಟ ಕಲೆ ಆಗುತ್ತಾ ಮೇಡಂ? ನಮ್ಮ ಅಡುಗೆಮನೇಲಿ ಬೇಕಾದಷ್ಟು ನೊಣ ಇವೆ. ನನ್ನ ಮೈಮೇಲೂ ಕೂರ್ತವೆ. ನನಗೇನೂ ಚುಕ್ಕೆ ಬಿದ್ದಿಲ್ಲ.”

ಮೇಡಂ ನಕ್ಕರು. “ಅಡುಗೆಮನೆ ನೊಣ ಬೇರೆ, ಇದು ಬೇರೆ. ಒಂದು ಬ್ಲೇಡು ಕೊಡಿ. ಈ ಹುಳು ಹೇಗೂ ಉಳಿಯಲ್ಲ.”

ಗಂಡ ಅಂಗಡಿಗೆ ಹೊರಟಿದ್ದವನು ಬಾಗಿಲಲ್ಲೇ ನಿಂತ. ಮೇಡಂ ಚುಕ್ಕೆಯ ಪಕ್ಕದಲ್ಲಿ ಹುಳುವಿನ ಚರ್ಮವನ್ನು ಮೆಲ್ಲಗೆ ಸೀಳಿದರು. ಒಳಗೆ ಹಳದಿ ಬಿಳುಪಿನ ಒಂದು ಮರಿ, ಅಕ್ಕಿಕಾಳಿನಷ್ಟು ದಪ್ಪ. ಕಾಲಿಲ್ಲ, ಕಣ್ಣಿಲ್ಲ. ಅದು ಮೆಲ್ಲಗೆ ಮಿಸುಕಿತು.

ಹುಳದಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು.

“ಕನ್ನಡೀಲಿ ನೋಡಿ ಅಕ್ಕ. ಚೂಪಾಗಿರೋದು ಅದರ ಬಾಯಿ ಕಡೆ. ಅಲ್ಲಿ ಕಪ್ಪಗೆ ಎರಡು ಕೊಕ್ಕೆ ಕಾಣ್ತವಲ್ಲ, ಅದರಲ್ಲಿ ಒಳಗಿನಿಂದ ಕೆರೆದು ತಿನ್ನುತ್ತೆ. ಈಗ ಹಿಂದಿನ ಕಡೆ ನೋಡಿ. ಮೊಂಡು ತುದಿ. ಅಲ್ಲಿ ಎರಡು ಕಪ್ಪು ಬೊಟ್ಟು. ಅದು ಅದರ ಮೂಗು ಅಂದ್ಕೊಳ್ಳಿ. ಈ ಮರಿ ಹಿಂದಿನಿಂದಲೇ ಹೆಚ್ಚಾಗಿ ಉಸಿರಾಡೋದು. ಒಳಗೆ ಕೂತ್ರೆ ಗಾಳಿ ಬೇಕಲ್ಲ? ಅದಕ್ಕೇ ಒಳಗೆ ಹೊಕ್ಕ ತೂತನ್ನ ಬಿಡಲ್ಲ. ಹಿಂಭಾಗವನ್ನ ಅಲ್ಲೇ ಅಂಟಿಸಿಕೊಂಡು, ತಲೆ ಒಳಗೆ ಮಾಡಿ ಮೇಯುತ್ತೆ. ಆ ತೂತಿನ ಸುತ್ತ ಚರ್ಮ ಗಟ್ಟಿಯಾಗಿ ಕಪ್ಪಾಗುತ್ತೆ. ನೀವು ನೋಡಿದ ಸುಟ್ಟ ಕಲೆ ಅದೇ.”

“ಅಂದ್ರೆ ಟ್ಯೂಬಿಗೆ ವಾಲ್ವ್ ಇದ್ದ ಹಾಗೆ” ಎಂದ ಗಂಡ ಬಾಗಿಲಿಂದ. “ಟ್ಯೂಬ್ ಒಳಗಿರುತ್ತೆ, ವಾಲ್ವ್ ಮಾತ್ರ ಹೊರಗೆ ಇಣುಕುತ್ತೆ.”

“ನಾನು ಇಷ್ಟು ವರ್ಷ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ” ಎಂದರು ಮೇಡಂ.

ಹುಳದಕ್ಕ ಇನ್ನೂ ಕನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. “ಹಾಗಾದ್ರೆ ಯಾರೂ ಸುಟ್ಟಿಲ್ಲ” ಎಂದಳು.

“ಯಾರು ಸುಡ್ತಾರೆ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. 

ಮೇಡಂ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದರು. ಅದರಲ್ಲಿ ಸೂಜಿಗೆ ಚುಚ್ಚಿದ ಎರಡು ನೊಣಗಳಿದ್ದವು, ಒಂದು ಚಿಕ್ಕದು, ಒಂದು ದೊಡ್ಡದು. “ಚಿಕ್ಕದು ಮನೆನೊಣ. ದೊಡ್ಡದು ಊಜಿ. ಎರಡಕ್ಕೂ ಒಂದೊಂದೇ ಜೊತೆ ರೆಕ್ಕೆ. ಜೇನುಹುಳಕ್ಕೆ, ಕಣಜಕ್ಕೆ ಎರಡು ಜೊತೆ ಇರ್ತವೆ. ನೊಣಗಳಿಗೆ ಹಿಂದಿನ ಜೊತೆ ಇರಬೇಕಾದ ಕಡೆ ಗುಂಡುಪಿನ್ನಿನ ಥರ ಎರಡು ಸಣ್ಣ ಗುಬಟು ಇವೆ, ಹಾರುವಾಗ ವಾಲದ ಹಾಗೆ ನೋಡಿಕೊಳ್ಳೋಕೆ. ಹೀಗಿರೋವೆಲ್ಲ ಸೇರಿ ಎರಡು ರೆಕ್ಕೆಯ ಕೀಟಗಳ ಗಣ. ಸೊಳ್ಳೆಯೂ ಅದರಲ್ಲೇ ಬರುತ್ತೆ.”

“ಎರಡರ ಬೆನ್ನ ಮೇಲೂ ಪಟ್ಟೆ ಇದೆಯಲ್ಲ ಮೇಡಂ. ಎರಡಕ್ಕೂ ನಾಲ್ಕು ನಾಲ್ಕು” ಎಂದಳು ಹುಳದಕ್ಕ.

“ಅಲ್ಲೇ ಎಲ್ಲರೂ ಮೋಸ ಹೋಗೋದು. ಪಟ್ಟೆ ನೋಡಿ ಹೇಳೋಕೆ ಆಗಲ್ಲ. ಹೊಟ್ಟೆ ನೋಡಿ. ಊಜಿಯ ಹೊಟ್ಟೆ ತುದಿಗೆ ಚೂಪಾಗುತ್ತೆ, ಮೇಲೆಲ್ಲ ದಪ್ಪ ದಪ್ಪ ಕೂದಲು ನಿಂತಿವೆ, ಬ್ರಷ್ಷಿನ ಹಾಗೆ. ಮನೆನೊಣಕ್ಕೆ ಅಷ್ಟು ಬಿರುಸು ಕೂದಲಿಲ್ಲ. ಗಾತ್ರದಲ್ಲೂ ಊಜಿ ದೊಡ್ಡದು. ಈ ಬಿರುಸು ಕೂದಲಿನ ನೊಣಗಳದ್ದು ಬೇರೆ ಮನೆತನ. ಪುಸ್ತಕದಲ್ಲಿ ಅದಕ್ಕೆ ಟ್ಯಾಕಿನಿಡೇ ಅಂತಾರೆ. ಈ ಮನೆತನದವರು ಇನ್ನೊಂದು ಹುಳದ ಮೈಯಲ್ಲಿ ಮರಿ ಬೆಳೆಸ್ತಾರೆ. ಊಜಿಯ ಪೂರ್ತಿ ಹೆಸರು ಎಕ್ಸೊರಿಸ್ಟ ಬಾಂಬಿಸಿಸ್. ಹೆಸರಿನ ಆ ಎರಡನೇ ಭಾಗ ಇದೆಯಲ್ಲ, ಅದರ ಅರ್ಥವೇ ರೇಷ್ಮೆಹುಳುವಿನದ್ದು ಅಂತ.”

“ಹೆಸರಲ್ಲೇ ನಮ್ಮ ಮನೆ ಹಾಳುಮಾಡ್ತೀನಿ ಅಂತ ಬರೆದುಕೊಂಡು ಬಂದಿದೆ” ಎಂದಳು ಹುಳದಕ್ಕ.

ಗಂಡ ತೋಳು ಮಡಚಿದ. “ಹಾಗಾದ್ರೆ ಸೊಳ್ಳೆ ಔಷಧ ತಂದು ಕೋಣೆಗೂ ತೋಟಕ್ಕೂ ಹೊಡೆದುಬಿಡೋಣ. ಆ ಮನೆತನವೇ ನಿರ್ವಂಶ ಆಗಲಿ.”

“ಹೊಡೆದ್ರೆ ಮೊದಲು ಸಾಯೋದು ರೇಷ್ಮೆಹುಳು. ಅದೂ ಕೀಟವೇ ತಾನೇ? ಇನ್ನು ಆ ಮನೆತನದಲ್ಲಿ ಎಲ್ಲರೂ ಕೆಟ್ಟವರಲ್ಲ. ಇದರ ದಾಯಾದಿಗಳು ಕೆಲವು ಎಲೆಕೋಸು ತಿನ್ನೋ ಕಂಬಳಿಹುಳದ ಮೈಯಲ್ಲಿ ಮೊಟ್ಟೆ ಇಡ್ತವೆ. ತರಕಾರಿ ಬೆಳೆಯೋರಿಗೆ ಅವು ನೆಂಟರು. ನಮಗೆ ಬೇಡವಾಗಿರೋದು ಈ ಒಂದೇ, ಅದೂ ಈ ಕೋಣೆಯೊಳಗೆ.”

ಆಮೇಲೆ ಮೇಡಂ ಇನ್ನೊಂದು ಹುಳುವನ್ನು ತೋರಿಸಿದರು. ಅದರ ಮೈಯ ಮಡಿಕೆಯಲ್ಲಿ ಗಸಗಸೆಗಿಂತ ಸಣ್ಣದೊಂದು ಬಿಳಿ ಚುಕ್ಕೆ. ಅದೇ ಊಜಿಯ ಮೊಟ್ಟೆ. ತಾಯಿನೊಣ ಒಂದು ಹುಳುವಿನ ಮೇಲೆ ಒಂದೋ ಎರಡೋ ಇಟ್ಟು ಮುಂದಿನ ಹುಳುವಿಗೆ ಹಾರುತ್ತದೆ. ಹಾಗೆ ಒಂದೇ ನೊಣ ನೂರಾರು ಹುಳುಗಳನ್ನು ಮುಗಿಸಬಲ್ಲದು. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದು ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ. ವಾರದೊಳಗೆ ಬಲಿತು ಹೊರಗೆ ಬರುತ್ತದೆ. ಅಷ್ಟರಲ್ಲಿ ಹುಳು ಗೂಡು ಕಟ್ಟಿದ್ದರೆ ಗೂಡನ್ನೇ ಕೊರೆದುಕೊಂಡು ಬರುತ್ತದೆ. ನೂಲಿನವನು ತಂದಿಟ್ಟ ಬುಟ್ಟಿಯಲ್ಲಿದ್ದ ತೂತುಗಳೆಲ್ಲ ಹಾಗೆ ಆದವು.

“ಹೊರಗೆ ಬಂದ ಮರಿ ಎಲ್ಲಿ ಹೋಗುತ್ತೆ?” ಹುಳದಕ್ಕ ಕೇಳಿದಳು.

“ಬೆಳಕು ಅಂದ್ರೆ ಅದಕ್ಕೆ ಆಗಲ್ಲ. ಕತ್ತಲೆ ಹುಡುಕಿಕೊಂಡು ನೆಲದ ಬಿರುಕಿಗೆ, ತಟ್ಟೆ ಕೆಳಗಿನ ಕಸಕ್ಕೆ ಹೋಗಿ ಕೋಶ ಆಗುತ್ತೆ. ಕೆಂಪು ಕಂದು ಬಣ್ಣ, ಗುಳಿಗೆ ಥರ ಉದ್ದುದ್ದ. ಹತ್ತು ಹನ್ನೆರಡು ದಿನಕ್ಕೆ ಅದರಿಂದ ಹೊಸ ನೊಣ ಏಳುತ್ತೆ.”

ಹುಳದಕ್ಕ ಮೂಲೆಗೆ ಹೋಗಿ, ಅಟ್ಟಣಿಗೆಯ ಕಾಲಿನ ಹತ್ತಿರ ಪೊರಕೆಯ ಹಿಡಿಯಿಂದ ಬಿರುಕನ್ನು ಕೆದಕಿದಳು. ಐದಾರು ಕೆಂಪು ಕಂದು ಗುಳಿಗೆಗಳು ಉರುಳಿ ಬಂದವು.

“ಇವನ್ನ ನಾನು ದಿನಾ ಗುಡಿಸ್ತೀನಿ” ಎಂದಳು. ಆಕೆಯ ದನಿ ಇಳಿದಿತ್ತು. “ಯಾವುದೋ ಬೀಜ ಅಂದ್ಕೊಂಡಿದ್ದೆ. ಗುಡಿಸಿ ಇದೇ ಕಿಟಕಿಯಿಂದ ಹೊರಗೆ ಸುರೀತೀನಿ. ಕಸದ ಜೊತೆ.”

“ಕಿಟಕಿಗೆ ನೈಲಾನ್ ಪರದೆ ಕೊಟ್ಟಿದ್ದೆವಲ್ಲ?”

“ಕಸ ಸುರಿಯೋಕೆ ಅಡ್ಡ ಆಗುತ್ತೆ ಅಂತ ನಾನೇ ಒಂದು ಮೂಲೆ ಬಿಚ್ಚಿದೆ. ಹುಳುಗೂ ಗಾಳಿ ಬೇಕು ಅಂತ...” ಆಕೆ ಕಿಟಕಿಯತ್ತ ತಿರುಗಿದಳು. ಕಿಟಕಿಯ ಹೊರಗೆ ಕಸದ ಗುಡ್ಡೆ ಕಾಣುತ್ತಿತ್ತು. ಅದರ ಮೇಲೆ ಬಿರುಸು ಕೂದಲಿನ ಒಂದು ನೊಣ ಬಿಸಿಲು ಕಾಯುತ್ತಿತ್ತು.

ಮೇಡಂ ಗದರಿಸಲಿಲ್ಲ. “ಪರದೆಯಲ್ಲೂ ಗಾಳಿ ಬರುತ್ತೆ ಅಕ್ಕ” ಎಂದಷ್ಟೇ ಹೇಳಿದರು. ಆಮೇಲೆ ಕಿಟಕಿ ಕಟ್ಟೆಯ ಮೇಲಿನ ಸಿಗರೇಟು ತುಂಡನ್ನು ನೋಡಿ, “ಇದು ಯಾರದ್ದೋ ಗೊತ್ತಿಲ್ಲ. ತಂಬಾಕಿನ ಕೈಯಲ್ಲಿ ಸೊಪ್ಪು ಮುಟ್ಟಬಾರದು. ಹುಳುಗೆ ಅದು ವಿಷ. ಚುಕ್ಕೆಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೂ ಹೇಳಿಬಿಡಿ” ಎಂದರು.

ಹುಳದಕ್ಕ ಸಂಜೆ ಹೊತ್ತಿಗೆ ಪಂಕ್ಚರ್ ಅಂಗಡಿಗೆ ಹೋದಳು. ಮೈದುನ ನೀರಿನ ತೊಟ್ಟಿಯಲ್ಲಿ ಸೈಕಲ್ ಟ್ಯೂಬ್ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದ. ಅತ್ತಿಗೆಯನ್ನು ಕಂಡರೂ ಕೈ ತೆಗೆಯಲಿಲ್ಲ.

“ತಪ್ಪು ನಂದು” ಎಂದಳು ಆಕೆ. ಬರುವ ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಇಷ್ಟೇ. “ಅದು ನೊಣ. ನಾನೇ ಪರದೆ ಬಿಚ್ಚಿದ್ದೆ. ನಾನೇ ಸಾಕಿದ್ದೆ ಅಂತಲೇ ಅಂದ್ಕೋ.”

ಅವನು ಗುಳ್ಳೆ ಬಂದ ಜಾಗಕ್ಕೆ ಬೆರಳಿಟ್ಟು ಟ್ಯೂಬನ್ನು ಮೇಲೆತ್ತಿದ. “ಅಣ್ಣ ಮಧ್ಯಾಹ್ನವೇ ಎಲ್ಲಾ ಹೇಳಿದ. ವಾಲ್ವ್ ಅಂತೆ, ಕೊಕ್ಕೆ ಅಂತೆ. ನನಗೆ ಅರ್ಧ ಅರ್ಥ ಆಗ್ಲಿಲ್ಲ.” ಟ್ಯೂಬನ್ನು ಪಕ್ಕಕ್ಕಿಟ್ಟು ಹೇಳಿದ: “ಅತ್ತಿಗೆ, ಸೊಪ್ಪು ಕೊಯ್ಯೋದು ಬೇಜಾರು ಅಂದಿದ್ದೆ. ಹೌದು. ಬೆನ್ನು ನೋಯುತ್ತೆ. ಆದ್ರೆ ನಿಮ್ಮ ಹುಳು ಸುಡ್ತೀನಿ ಅಂತ ನೀವು ಅಂದ್ಕೊಂಡ್ರಲ್ಲ. ಅವತ್ತಿಂದ ಅದೇ ಕೊರೀತಾ ಇತ್ತು.”

“ನನಗೂ ಕೊರೀತಾ ಇತ್ತು. ಹೇಳೋಕೆ ಬಾಯಿ ಬರ್ಲಿಲ್ಲ.”

ಅವನು ಕೈ ಒರೆಸಿಕೊಂಡ. “ಹುಳುಗೆ ಸೊಪ್ಪು ಹಾಕಿದ್ರಾ?”

“ನಿಮ್ಮಣ್ಣ ತಂದಿದ್ದು. ಮುಟ್ಟಿ ನೋಡಿದ್ರೆ ಟೈರ್ ಥರ ಇದೆ.”

ಮೈದುನ ನಕ್ಕ. ಚೀಲ ತರಲು ಒಳಗೆ ಹೋದ. ದಾರಿಯಲ್ಲಿ ಆಕೆ ತಂಬಾಕಿನ ವಿಷಯ ಹೇಳಿದಾಗ ಮಾತ್ರ ಅವನ ಮುಖ ಸಪ್ಪಗಾಯಿತು. “ಅಂತೂ ಪೂರ್ತಿ ಬಿಡುಗಡೆ ಇಲ್ಲ” ಎಂದು ಗೊಣಗಿದ. ತೋಟದ ದಾರಿಯಲ್ಲಿ ಸೇದುವುದಿಲ್ಲ, ಸೊಪ್ಪು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತೇನೆ ಎಂದು ಒಪ್ಪಿಕೊಂಡ. ಪೂರ್ತಿ ಬಿಡುವ ಮಾತನ್ನು ಅವನೂ ಎತ್ತಲಿಲ್ಲ, ಆಕೆಯೂ ಅವತ್ತು ಕೇಳಲಿಲ್ಲ.

ಮರುದಿನ ಮೂವರೂ ಸೇರಿ ಕೋಣೆಯ ಕೆಲಸಕ್ಕೆ ಇಳಿದರು. ಗಂಡ ಪರದೆಯ ಮೂಲೆಗೆ ಹಳೆಯ ಟ್ಯೂಬಿನ ಪಟ್ಟಿ ಇಟ್ಟು ಮೊಳೆ ಹೊಡೆದ. ಗಾಳಿ ಬರಬೇಕು, ನೊಣ ಬರಬಾರದು, ಹಾಗೆ. ಬಾಗಿಲ ಮುಂದೆ ಇನ್ನೊಂದು ಪರದೆಯ ಬಾಗಿಲು ಕಟ್ಟಿದ. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಮೈದುನ ನೆಲದ ಬಿರುಕುಗಳಿಗೆಲ್ಲ ಸಿಮೆಂಟು ತುಂಬಿದ. ಹುಳದಕ್ಕ ಸಿಕ್ಕ ಮರಿಗಳನ್ನೂ ಕೋಶಗಳನ್ನೂ ಆರಿಸಿ ಸೋಪಿನ ನೀರಿಗೆ ಹಾಕಿದಳು. ಚುಕ್ಕೆ ಬಿದ್ದ ಹುಳುಗಳನ್ನು ಬೇರೆ ತಟ್ಟೆಗೆ ತೆಗೆದು ಅದರ ಮೇಲೂ ಬಲೆ ಮುಚ್ಚಿದಳು. ಕಸದ ಗುಡ್ಡೆ ತೋಟದ ದೂರದ ಮೂಲೆಗೆ ಹೋಯಿತು. ಊಜಿಯ ಮೊಟ್ಟೆಗಳನ್ನು ಸಾಯಿಸುವ ಔಷಧವನ್ನು ಮೇಡಂ ಕೇಂದ್ರದಿಂದ ತಂದುಕೊಟ್ಟರು. ಹೇಳಿದ ಅಳತೆ ಮೀರಬಾರದು, ಹುಳು ಜ್ವರದಲ್ಲಿದ್ದಾಗ ಮುಟ್ಟಬಾರದು ಎಂದು ಎರಡೆರಡು ಸಲ ಹೇಳಿದರು. ಜೊತೆಗೆ ಒಂದು ಪುಟ್ಟ ಪೊಟ್ಟಣವನ್ನೂ ಕೊಟ್ಟರು. ಅದರಲ್ಲಿ ಇರುವೆಗಿಂತ ಸಣ್ಣ ಕಣಜಗಳಿದ್ದವು. ಅವು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ತಮ್ಮ ಮೊಟ್ಟೆ ಇಡುತ್ತವೆ, ರೇಷ್ಮೆಹುಳುವಿನ ತಂಟೆಗೆ ಬರುವುದಿಲ್ಲ.

“ಊಜಿಗೂ ಒಬ್ಬ ಊಜಿ ಇದಾನೆ ಅನ್ನಿ” ಎಂದ ಮೈದುನ.

ಆ ಬೆಳೆ ಪೂರ್ತಿ ಉಳಿಯಲಿಲ್ಲ. ಒಳಗೆ ಹೊಕ್ಕ ಮರಿಯನ್ನು ಹೊರಗೆ ಎಳೆದು ಹುಳುವನ್ನು ಬದುಕಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಬಲೆ ಮುಚ್ಚಿದ ತಟ್ಟೆಯಲ್ಲಿ ಕೆಲವು ಹುಳುಗಳು ಗೂಡು ಕಟ್ಟುವ ಮುಂಚೆಯೇ ಸತ್ತವು. ಉಳಿದವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಸುರುಳಿ ತಟ್ಟೆಗೆ, ಬೇರೆಯಾಗಿಯೇ ಬಿಟ್ಟರು. ಒಳ್ಳೆಯ ಗೂಡುಗಳನ್ನೂ ತೂತುಗೂಡುಗಳನ್ನೂ ಬೆರೆಸದೆ ವಿಂಗಡಿಸಿದರು.

ಅದರ ಮುಂದಿನ ಬೆಳೆಗೆ ಹುಳದಕ್ಕ ದಿನವೂ ಒಂದೊಂದು ತಟ್ಟೆಯ ಮುಂದೆ ಕೂತು ನೋಡಿದಳು. ಅಲ್ಲೊಂದು ಇಲ್ಲೊಂದು ಬಿಳಿ ಮೊಟ್ಟೆ ಸಿಕ್ಕಿತು, ಅಷ್ಟೇ. ಕೊನೆಯ ಹಂತದ ಹುಳುಗಳು ಕಲೆಯಿಲ್ಲದ ಮೈಯಲ್ಲಿ ಸೊಪ್ಪನ್ನು ಸರಸರ ಮೇದು ಹಣ್ಣಾಗಿ, ಅಂದರೆ ಗೂಡು ಕಟ್ಟುವಷ್ಟು ಬಲಿತು, ಚಂದ್ರಿಕೆ ಹತ್ತಿದವು. ನೂಲು ತೆಗೆಯುವವನು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿದ. “ಗಟ್ಟಿ ಇದೆ. ಎಲ್ಲಾ ಒಂದೇ ಎಳೆ ಬರುತ್ತೆ ಅಕ್ಕ. ಪಕ್ಕದ ಬೀದೀಲೂ ತೂತಿನ ಕಾಟ ಜೋರಾಗಿದೆ. ಏನು ಮಾಡಿದ್ರಿ, ಅವರಿಗೂ ಸ್ವಲ್ಪ ಹೇಳಿ.”

ಹುಳದಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಟೇಬಿಟ್ಟಳು. ಊಜಿಗೆ ರೆಕ್ಕೆ ಇದೆ. ಒಂದು ಮನೆಯ ಕಿಟಕಿ ಮುಚ್ಚಿದರೆ ಅದು ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿ ಸಂಸಾರ ಬೆಳೆಸಿಕೊಂಡು ಮತ್ತೆ ಬರುತ್ತದೆ.

ಹುಳು ಸಾಕುವ ಅಕ್ಕಂದಿರೆ, ಅಣ್ಣಂದಿರೆ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಎದ್ದು ನಿಮ್ಮ ಹುಳುಮನೆಗೆ ಹೋಗಿ. ಪರದೆಯ ನಾಲ್ಕು ಮೂಲೆ ಮುಟ್ಟಿ ನೋಡಿ. ತಟ್ಟೆಯ ಕೆಳಗಿನ ಬಿರುಕು ಕೆದಕಿ ನೋಡಿ. ಕೆಂಪು ಕಂದು ಗುಳಿಗೆ ಸಿಕ್ಕಿದರೆ ಹೊರಗೆ ಎಸೆಯಬೇಡಿ, ಸೋಪಿನ ನೀರಿಗೆ ಹಾಕಿ. ಕಂಡ ಕಂಡ ವಿಷ ತಂದು ಹೊಡೆಯಬೇಡಿ. ನಿಮ್ಮ ಕಡೆಗೆ ಬರುವ ರೇಷ್ಮೆ ಸಿಬ್ಬಂದಿಯನ್ನು ಕೇಳಿ, ಅವರ ಭೂತಗನ್ನಡಿಯಲ್ಲಿ ನಿಮ್ಮ ಕಣ್ಣಾರೆ ನೊಣವನ್ನು ನೋಡಿ ಗುರುತು ಹಿಡಿಯಿರಿ. ಹುಳುವಿನ ಮೇಲೆ ಕಪ್ಪು ಚುಕ್ಕೆ ಕಂಡಾಗ ಮನೆಯವರ ಕಡೆ ಬೆರಳು ಮಾಡಬೇಡಿ. ಆ ಹುಳುವನ್ನೇ ಬೆಳಕಿಗೆ ತನ್ನಿ. ಯಾರು ಮಾಡಿದ್ದು ಎಂದು ಅದೇ ಹೇಳುತ್ತದೆ.